ಹಿತ್ತಲಿನ ಮತ್ತಿ ಮರದ ವಿಚಾರ

ನಲ್ಲೂರು
೨-೮-೧೯೪೧

ಸಾಸ್ವೆಹಳ್ಳಿಯ ಹಾಲೇಶಪ್ಪನವರಿಗೆ, ಜವಳಿ ಅಂಗಡಿ ಬಂಗಾರಪ್ಪನ ಶರಣು.

ಹೆಣ್ಣು ನೋಡಲು ಬಂದ ನಿಮ್ಮ ಮಗ ನಮ್ಮ ನೀಲಮ್ಮನ ಮುಖ ನೋಡದೆ ಗೋಡೆಯನ್ನೇ ನೋಡುತ್ತ ಕೂತಿದ್ದರೆಂದು ನನ್ನ ಹೆಂಡತಿ ತಿಪ್ಪಮ್ಮ ಮುನಿದಿದ್ದಾಳೆ. "ಒಲ್ಲೆ ಅನ್ನಾಕೆ ಹಿಂಗೂ ಒಂದು ದಾರಿ ಐತೇನ್ರಿ?" ಅನ್ನುತ್ತಾಳೆ.

ಗೋಡೆಯ ಮೇಲಿದ್ದದ್ದು ಕಾಡುರೇಷ್ಮೆಯ ಚಿಟ್ಟೆ. ನನ್ನ ಅಂಗೈಗಿಂತ ಅಗಲ, ಅರಿಶಿನದ ಬಣ್ಣ, ಒಂದೊಂದು ರೆಕ್ಕೆಗೂ ಒಂದೊಂದು ಗಾಜಿನ ಕಿಟಕಿ. ಇಷ್ಟು ವರ್ಷ ಸೀರೆ ಮಾರಿದರೂ ಅಂಥ ಅಂಚನ್ನು ನಾನು ಕಂಡಿಲ್ಲ. ಅದು ಏನೂ ತಿನ್ನುವುದಿಲ್ಲವಂತೆ; ಅಂಥ ಅತಿಥಿ ಯಾವ ವ್ಯಾಪಾರಿಗೂ ಭಾರವಲ್ಲ.

ನೀವು ಹೊರಟ ಮೇಲೆ ನೀಲಮ್ಮ ಬಾಯಿಬಿಟ್ಟಳು: "ಅಪ್ಪಾ, ಆ ಚಿಟ್ಟೆ ಗೂಡು ಕಾಡಿಂದ ತಂದು ಕಾದೋಳು ನಾನೇ. ಮಂಡಕ್ಕಿ ತಟ್ಟೆ ಕೊಡುವಾಗ ಅವರು ಮೆಲ್ಲಗೆ, 'ಚಿಟ್ಟೆ ಮೀಸೆ ಸಣ್ಣದೈತೆ, ಹೆಣ್ಣು ಅಲ್ವಾ?' ಅಂದ್ರು. ಹೌದು ಅಂದೆ." ಮದುವೆಗೆ ಮುಂಚೆ ತಿಪ್ಪಮ್ಮನ ಜೊತೆ ನಾನು ಅಷ್ಟು ಮಾತೂ ಆಡಿದವನಲ್ಲ.

ಮಾರನೆಯ ದಿನ ಗಂಡು ಚಿಟ್ಟೆಯೊಂದು ಎಲ್ಲಿಂದಲೋ ಹುಡುಕಿಕೊಂಡು ಬಂತು. ಈಗ ಮೊರದ ತುಂಬ ಮೊಟ್ಟೆ. ಹುಳುಗಳಿಗೆ ಮತ್ತಿ ಸೊಪ್ಪು ಬೇಕಂತೆ. ಕೊಡುವ, ಕೊಳ್ಳುವ ಮಾತು ಆಮೇಲಿರಲಿ. ನಿಮ್ಮ ಹಿತ್ತಲಲ್ಲಿ ಮತ್ತಿ ಮರ ಇದೆಯೇ ತಿಳಿಸಿ. ನೀಲಮ್ಮ ಕೇಳಿದ್ದು ಅದೊಂದೇ.

ಇಲ್ಲದಿದ್ದರೆ ಈ ಮಳೆಯಲ್ಲೇ ಒಂದು ಸಸಿ ನೆಡಲು ಮಗನಿಗೆ ಹೇಳಿ. ತಿಪ್ಪಮ್ಮನನ್ನು ನಾನು ಒಪ್ಪಿಸುತ್ತೇನೆ.

ನಿಮ್ಮ ಬೀಗನಾಗಬೇಕೆಂದಿರುವ,
ಬಂಗಾರಪ್ಪ