ಪಡುವಣ ಗೋಡೆಯ ಕಿಟಕಿ

ಮಾರ್ಚ್ 3, ಮಂಗಳವಾರ

ಇವತ್ತೂ ಮಣ್ಣು ಜರಡಿ ಹಿಡಿಯುವುದೇ ಕೆಲಸ. ಈ ಊರಿನ ಅರ್ಧ ಮನೆಗಳು ನನ್ನ ಕರಣೆಯ ಕೆಳಗೆ ಎದ್ದಂಥವು. ಅಂಥ ಮೇಸ್ತ್ರಿ ಈಗ ಅಕ್ಕನ ಮಗಳ ಮಾತು ಕೇಳಿ ಮಣ್ಣಿನ ಇಟ್ಟಿಗೆ ಒತ್ತುತ್ತಿದ್ದೇನೆ. ಪಾಯ ತೋಡಿದ ಮಣ್ಣೇ ಗೋಡೆಗೆ. ಸಿಮೆಂಟು ಹೆಸರಿಗಷ್ಟೇ. ಸುಣ್ಣದ ಗಾರೆ. ಏಸಿ ಇಲ್ಲದೆ ತಂಪಂತೆ... ಆರ್ಕಿಟೆಕ್ಚರ್ ಓದಿದ್ದಾಳೆ. ಹಸಿರು ಮೇಡಂ ಎಂದು ಕರೆಯುತ್ತೇನೆ. ಸಿಟ್ಟು ಬರುತ್ತದೆ, ಅದಕ್ಕೇ ಕರೆಯುತ್ತೇನೆ.

ಮನೆ ಅಕ್ಕನಿಗಾಗಿ. ಈಗ ಅವಳಿರುವುದು ಮೇಲಿನ ಮಹಡಿ. ತಲೆಯ ಮೇಲೆ ಸ್ಲ್ಯಾಬು, ಮಧ್ಯಾಹ್ನವಾದರೆ ಕೋಣೆ ಕಾದ ಬಾಣಲೆ. ಶ್ವಾಸಕೋಶ ಕೆಟ್ಟಿದೆ. ಬಿಸಿ ಏರಿದರೆ ಉಸಿರು ಸಿಗದು. ಏಸಿ ಹಾಕಿದರೆ ಕೆಮ್ಮು ನಿಲ್ಲದು. "ಬೇಸಿಗೆ ಪೂರ್ತಿ ಅಲ್ಲೇ ಇಟ್ರೆ ನಾನೇನೂ ಹೇಳಕ್ಕಾಗಲ್ಲ" ಎಂದಿದ್ದಾರೆ ಡಾಕ್ಟರು.

ಆ ಸ್ಲ್ಯಾಬು ಹಾಕಿದವನೂ ನಾನೇ. ಇವತ್ತಿನವರೆಗೆ ಒಂದು ಹನಿ ಸೋರಿಲ್ಲ.

ಮಾರ್ಚ್ 11, ಬುಧವಾರ

ಗೋಡೆ ಕಿಟಕಿ ಮಟ್ಟಕ್ಕೆ ಬಂತು. ನಕ್ಷೆಯಲ್ಲಿ ಅಕ್ಕನ ಕೋಣೆಯ ಪಡುವಣ ಗೋಡೆ ಬೋಳು. ಒಂದು ಕಿಂಡಿಯೂ ಇಲ್ಲ.

"ಏನಮ್ಮಾ ಮೇಡಂ, ಕಿಟಕಿ ಮರೆತ್ಯಾ?"

"ಮರೆತಿಲ್ಲ ಮಾವ. ಮಧ್ಯಾಹ್ನದ ಬಿಸಿಲು ಬಡಿಯೋದೇ ಆ ಗೋಡೆಗೆ. ದಪ್ಪ ಗೋಡೆ ಅದನ್ನ ತಡೀಬೇಕು."

"ರಸ್ತೆ ಇರೋದೂ ಆ ಕಡೆಗೇ. ನಿಮ್ಮಮ್ಮ ದಿನವಿಡೀ ಏನು ನೋಡ್ಬೇಕು? ಗೋಡೆನಾ?"

"ಮೊದ್ಲು ಉಸಿರಾಡ್ಲಿ."

ಸುಮ್ಮನಾದೆ. ನಾನು ಸುಮ್ಮನಾದರೆ ಏನೋ ಮಾಡುತ್ತೇನೆಂದು ಅಕ್ಕನಿಗೆ ಗೊತ್ತು. ಇವಳಿಗೆ ಇನ್ನೂ ಗೊತ್ತಿಲ್ಲ.

ಮಾರ್ಚ್ 19, ಗುರುವಾರ

ಮೇಡಂ ಬೇರೆ ಊರಿನ ಕೆಲಸಕ್ಕೆ ಹೋದಳು. ಬರುವುದು ತಿಂಗಳ ಕೊನೆಗೆ. ಪಡುವಣ ಗೋಡೆಯಲ್ಲಿ ಕಿಟಕಿಗೆ ಜಾಗ ಬಿಟ್ಟು, ಮೇಲೆ ಲಿಂಟಲ್ ತೊಲೆ ಕೂರಿಸಿದೆ. ಸಣ್ಣದಲ್ಲ — ಅಂಗಡಿ ಬಾಗಿಲಿನಷ್ಟು ಅಗಲ.

ನನ್ನ ಜೊತೆಗಾರ ಕುಳ್ಳನಿಗೆ ಪುಕ್ಕಲು. "ಅಣ್ಣಾ, ಆಯಮ್ಮ ಬಂದು ನೋಡಿದ್ರೆ?"

"ನೋಡ್ಲಿ. ಅವಳಿಗೆ ನಡೆಯೋದು ಕಲಿಸಿದವನು ನಾನು ಕಣೋ."

ಅಕ್ಕನ ಬದುಕೆಲ್ಲ ಈಗ ಕಿಟಕಿಯಲ್ಲೇ. ಯಾರು ಯಾರ ಜೊತೆ ಹೋದರು, ಯಾರ ನಾಯಿ ಬಡಕಲಾಯಿತು, ಎಲ್ಲ ಅವಳ ಬಾಯಲ್ಲಿ. ಕಣ್ಣು ಮುಚ್ಚಿಸಿ ತಂಪಾಗಿ ಮಲಗಿಸುವುದಕ್ಕೆ ಅವಳೇನು ಆಲೂಗೆಡ್ಡೆಯೇ?

ಏಪ್ರಿಲ್ 2, ಗುರುವಾರ

ಬಂದಳು. ಕಿಟಕಿಯೆದುರು ನಿಂತಳು. ಬೈಯಲಿಲ್ಲ... ಬೈದಿದ್ದರೆ ಚೆನ್ನಾಗಿತ್ತು.

"ಮುಚ್ಚಿಬಿಡಿ ಮಾವ."

ಅಕ್ಕನಿಗೆ ಫೋನ್ ಹಚ್ಚಿ ಮೇಡಂ ಕೈಗೆ ಕೊಟ್ಟೆ. ಅಕ್ಕ ಆ ಕಡೆಯಿಂದ, ಉಸಿರು ಎಳೆದುಕೊಂಡು, "ಇರ್ಲಿ ಬಿಡೇ. ನನ್ ತಮ್ಮ ಒಂದಾದ್ರೂ ಒಳ್ಳೆ ಕೆಲ್ಸ ಮಾಡ್ದ" ಎಂದಳು. ಮೇಡಂ ಸೋತಳು. ದಪ್ಪ ಪರದೆ ಹಾಕೋಣ ಎಂದಳು. ಸಂಜೆ ಕುಳ್ಳನಿಗೆ ಬೋಂಡ ಕೊಡಿಸಿದೆ.

ಏಪ್ರಿಲ್ 19, ಭಾನುವಾರ

ಹೆಂಚು ಹೊದಿಸಿ ಮುಗಿಯಿತು. ಅಕ್ಕನನ್ನು ಕರೆತಂದೆವು. ಬೆಳಗ್ಗೆ ಕೋಣೆ ನಿಜಕ್ಕೂ ತಂಪು. ಕಿಟಕಿಯ ಬಳಿ ಮಂಚ. ಅಕ್ಕ ರಸ್ತೆ ನೋಡುತ್ತಾ ನಕ್ಕಳು. ನಾನು ಎದೆ ಉಬ್ಬಿಸಿ ತಿರುಗಿದ್ದೇ ತಿರುಗಿದ್ದು.

ಮಧ್ಯಾಹ್ನದ ಮೇಲೆ ಬಿಸಿಲು ಆ ಕಡೆ ತಿರುಗಿತು. ಪರದೆ ಎಳೆದೆವು. ಪರದೆಯೇ ಕಾದಿತು. ಅಕ್ಕನ ತುಟಿ ನೀಲಿಯಾಗುತ್ತಾ ಬಂತು. ನನ್ನ ಕೈ ಹಿಡಿದಳು.

ಈಗ ಆಸ್ಪತ್ರೆ. ಆಕ್ಸಿಜನ್ ಹಾಕಿದ್ದಾರೆ. ಮೇಡಂ ಬೆಂಚಿನ ಆ ತುದಿ, ನಾನು ಈ ತುದಿ.

ಏಪ್ರಿಲ್ 29, ಬುಧವಾರ

ಬರೆಯಲು ಕೈ ಬಂದಿರಲಿಲ್ಲ.

ಬೆಳಗ್ಗೆ ಒಬ್ಬನೇ ಹೋಗಿ ಗಾರೆ ಕಲಸಿ ಕಿಟಕಿ ಮುಚ್ಚಲು ಕುಳಿತೆ. ಎರಡು ವರಸೆ ಇಟ್ಟಿಗೆ ಏರಿಸಿರಬೇಕು, ಮೇಡಂ ಬಂದಳು.

"ನಿಲ್ಸಿ ಮಾವ."

"ನೀನೇ ಹೇಳಿದ್ದಲ್ಲ."

"ಅಮ್ಮನ್ನ ಕೇಳ್ದೆ. ರಸ್ತೆ ಕಾಣದಿದ್ರೆ ಆ ಬಾಣಲೆಗೇ ವಾಪಸ್ ಕರ್ಕೊಂಡು ಹೋಗು ಅಂತಾಳೆ." ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿದಳು. "ಹೊರಗಡೆ ಇನ್ನೊಂದು ಜಾಲರಿ ಗೋಡೆ ಕಟ್ಟಿ. ಇಟ್ಟಿಗೆ ಓರೆ ಇಡಿ, ನಡುವೆ ಸಂದು ಬಿಡಿ. ಬಿಸಿಲು ಹೊರಗೇ ನಿಲ್ಲತ್ತೆ, ಗಾಳಿ ಒಳಗೆ ಬರತ್ತೆ." ಕಡ್ಡಿ ಎಸೆದು, "ನಾನೂ ಬರೀ ಬಿಸಿಲು ನೋಡ್ದೆ ಮಾವ. ಅಮ್ಮನ್ನ ನೋಡ್ಲಿಲ್ಲ."

ಏರಿಸಿದ್ದ ಎರಡು ವರಸೆಯನ್ನೂ ಗಾರೆ ಹಸಿಯಿರುವಾಗಲೇ ಕಿತ್ತೆ.

ಮೇ 6, ಬುಧವಾರ

ಜಾಲರಿ ಎದ್ದಿತು. ಸುಳ್ಳು ಹೇಳುವುದಿಲ್ಲ, ಇಂಥದ್ದು ನಾನು ಹಿಂದೆ ಕಟ್ಟಿಲ್ಲ, ಇನ್ನೊಬ್ಬ ಕಟ್ಟಲಾರ. ನಾಲ್ಕು ಗಂಟೆಯ ಬಿಸಿಲಿನಲ್ಲಿ ಒಳಗೆ ಹೋದೆ. ನೆಲಕ್ಕೆ ಅಂಗೈ ಇಟ್ಟೆ. ತಣ್ಣಗಿತ್ತು.

ಆದರೆ ಓರೆ ಸಂದಿನಲ್ಲಿ ರಸ್ತೆ ಚೂರುಚೂರು. ಅಕ್ಕನಿಗೆ ಒಂದು ನೇರ ಕಿಂಡಿ ಬೇಕು, ಮಲಗಿದ ಕಣ್ಣಿನ ಮಟ್ಟಕ್ಕೆ. ಮಂಚದ ಮೇಲೆ ಮಲಗಿ ಅಳತೆ ನೋಡಿದೆ. ನಾನು ಅವಳಿಗಿಂತ ಉದ್ದ. ದಿಂಬು ತೆಗೆದು, ಜಾರಿ, ಮುದುಡಿ ನೋಡಿದೆ. ತಿಳಿಯಲಿಲ್ಲ. ಅದಕ್ಕೇ ಮೇಲೊಂದು ಕೆಳಗೊಂದು, ಎರಡು ಇಟ್ಟಿಗೆಯ ಜಾಗ ತೆರೆದೇ ಬಿಟ್ಟೆ. ಮೇಲಿನದೋ ಕೆಳಗಿನದೋ ಅವಳೇ ಹೇಳಲಿ, ಇನ್ನೊಂದನ್ನು ಮುಚ್ಚುತ್ತೇನೆ.

ಡಾಕ್ಟರು ಮನೆಗೆ ಕಳಿಸುತ್ತಾರಂತೆ. ವಾಸಿಯಾಗಿದೆ ಎಂದಲ್ಲ. "ಇನ್ನು ನಾವು ಮಾಡೋದೇನೂ ಇಲ್ಲ, ಆರಾಮಾಗಿರ್ಲಿ" ಎಂದರು.

ಮೇ 9, ಶನಿವಾರ. ಸಂಜೆ

ಕರೆತಂದೆವು. ಹಗುರವಾಗಿಬಿಟ್ಟಿದ್ದಾಳೆ, ನಾನೊಬ್ಬನೇ ಎತ್ತಿ ಮಲಗಿಸಿದೆ. ಮೂಗಿನಲ್ಲಿ ಆಕ್ಸಿಜನ್ ನಳಿಕೆ. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಅವಳ ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಮೇಡಂ ಆ ಹಣೆಯನ್ನು ಮುಟ್ಟಿ ಮುಟ್ಟಿ ನೋಡಿದಳು.

ನಾನು ಹೊರಗೆ ಹೋಗಿ, ಇಟ್ಟಿಗೆ ಕೈಯಲ್ಲಿ ಹಿಡಿದು, ಕಿಂಡಿಯಲ್ಲಿ ಮುಖ ಇಟ್ಟು ಕೇಳಿದೆ. "ಅಕ್ಕಾ, ಮೇಲಿಂದು ಬೇಕಾ, ಕೆಳಗಿಂದಾ?"

ಒಳಗಿಂದ ಅಕ್ಕ, "ನಿನ್ ತಲೆ ಅಡ್ಡ ಇದೆ ಕಣೋ. ಸರಿ ಅತ್ಲಾಗೆ. ರಸ್ತೆ ಕಾಣ್ಲಿ."

ಸರಿದೆ. ಇಟ್ಟಿಗೆ ಕೆಳಗಿಟ್ಟೆ. ಎರಡೂ ಇರಲಿ.

ಗಾರೆ ಬಾಂಡ್ಲಿಯಲ್ಲೇ ಗಟ್ಟಿಯಾಗುತ್ತಿದೆ. ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಜಾಲರಿಯ ಆಚೆಯಿಂದ ಅವಳ ಉಸಿರು ಕೇಳುತ್ತದೆ, ಒಂದೊಂದೇ. ರಸ್ತೆಯಲ್ಲಿ ಯಾರೋ ಹೋದರು. ಅಕ್ಕ ಏನೋ ಹೇಳುತ್ತಿದ್ದಾಳೆ, ಅವರ ಬಗ್ಗೆಯೇ ಇರಬೇಕು, ಸರಿಯಾಗಿ ಕೇಳಿಸದು. ಒಳಗೆ ಹೋಗಿ ಕೇಳುತ್ತೇನೆ.