ಆ ಪ್ಯಾರಾಚೂಟ್ ಮಡಿಸಿದವಳು ನಾನು

ಮಾರ್ಚ್ 3, ಬೆಳಿಗ್ಗೆ 11

ಮೂರು ಪ್ಯಾರಾಚೂಟ್ ಮಡಿಸಿ ಮುಗಿಯಿತು. ಉದ್ದ ಮೇಜಿನ ಮೇಲೆ ನಾಲ್ಕನೆಯದು ಹಾಸಿದ್ದೇನೆ. ಹಗ್ಗ ಎಣಿಸಿದೆ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹೊಲಿಗೆ ಗಟ್ಟಿ. ಹತ್ತೊಂಬತ್ತು ವರ್ಷದ ಕೆಲಸ... ಕಣ್ಣು ಮುಚ್ಚಿಕೊಂಡೂ ಮಡಿಸಬಲ್ಲೆ. ಆದರೆ ಬಿಟ್ಟುಕೊಂಡೇ ಮಡಿಸುತ್ತೇನೆ.

ಬಾಗಿಲಲ್ಲಿ ಮೀಸೆ. ಪೈಲಟ್. ಮೂಗಿನ ಕೆಳಗಿನ ನಾಲ್ಕು ಕೂದಲಿಗೇ ನಾವಿಟ್ಟ ಹೆಸರು. "ಅಕ್ಕ, ನಂದು ನೀಟಾಗಿ ಮಡಿಸಿದ್ದೀರಾ ತಾನೇ?"

"ನಿಮ್ಮ ಮೀಸೆಗಿಂತ ನೀಟಾಗಿದೆ. ಹೋಗಿ."

ಮಾರ್ಚ್ 6, ಸಂಜೆ

ಮೀಸೆಯ ವಿಮಾನಕ್ಕೆ ಕ್ಷಿಪಣಿ ಬಡಿದಿದೆ. ಗಡಿಯ ಹತ್ತಿರ, ಬೆಟ್ಟಗಳ ಮೇಲೆ. ಪಕ್ಕದ ವಿಮಾನದಲ್ಲಿದ್ದವನು "ಬೆಂಕಿ ಕಂಡೆ, ಪ್ಯಾರಾಚೂಟ್ ಕಾಣಲಿಲ್ಲ" ಅಂದನಂತೆ. ಕೆಳಗೆಲ್ಲ ಮೋಡವಂತೆ. ಮೋಡವಿದ್ದರೆ ಹೇಗೆ ಕಂಡೀತು?

ಅವನ ಪ್ಯಾರಾಚೂಟ್ ಮಡಿಸಿದವರು ಸಹಿ ಹಾಕುವ ಕಾರ್ಡ್ ತೆಗೆದು ನೋಡಿದೆ. ಸಹಿ ನನ್ನದೇ.

ಮಾರ್ಚ್ 7

ಸಾಹೇಬರು ಕರೆಸಿದರು. "ವಿಚಾರಣೆ ಮುಗಿಯೋ ತನಕ ಮೇಜಿನ ಹತ್ರ ಹೋಗ್ಬೇಡಮ್ಮ. ಅನುಮಾನ ಅಂತಲ್ಲ."

ಅನುಮಾನವಲ್ಲದೆ ಮತ್ತೇನು.

"ಅದೇ ವಾರ ಮಡಿಸಿದ್ದು ಇನ್ನೂ ಐದಿವೆ ಸರ್. ನಿಮ್ಮೆದುರೇ ಎಳೆದು ನೋಡೋಣ."

ಎಳೆದರು. ಐದೂ ಸರಾಗವಾಗಿ ಬಿಚ್ಚಿಕೊಂಡವು. ಸಾಹೇಬರು ತಲೆಯಾಡಿಸಿದರು. ಮೇಜು ಮಾತ್ರ ಕೊಡಲಿಲ್ಲ.

ಮಾರ್ಚ್ 9, ಮಧ್ಯಾಹ್ನ

ಮೀಸೆಯ ಹೆಂಡತಿ ಮನೆಗೇ ಬಂದಳು. ಶಾಲೆಯಲ್ಲಿ ಮೇಡಂ. ಅಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು.

"ಎಲ್ರೂ ಧೈರ್ಯ ತಗೋ ಅಂತಾರೆ. ವಿಷಯ ಗೊತ್ತಿರೋರು ನೀವೊಬ್ರೇ ಅಕ್ಕ. ಅದು ತೆರ್ಕೊಂಡಿರುತ್ತಾ?"

"ಅವರು ವಿಮಾನದಿಂದ ಹೊರಗೆ ಬಂದಿದ್ರೆ, ತೆರ್ಕೊಂಡಿರುತ್ತೆ."

"ಬಂದಿದ್ರೆ..."

"ಅದು ನನ್ನ ಕೈಲಿಲ್ಲಮ್ಮ. ಮಿಕ್ಕಿದ್ದು ನನ್ನ ಕೈಲಿತ್ತು."

ಟೀ ಪೂರ್ತಿ ಕುಡಿದು ಹೋದಳು. ಆಮೇಲೆ ಇವರು ಬೈದರು. "ಅವಳಿಗೆ ಇಲ್ಲದ ಆಸೆ ಯಾಕೆ ಹುಟ್ಟಿಸ್ತೀಯ?"

ನಿಜ ಹೇಳಿದೆ ಅಂದೆ. ಊಟ ಸೇರಲಿಲ್ಲ.

ಮಾರ್ಚ್ 14

ಗಸ್ತಿನವರಿಗೆ ಪ್ಯಾರಾಚೂಟ್ ಸಿಕ್ಕಿದೆ. ಗಡಿಯ ಈಚೆ, ನಮ್ಮ ಕಡೆಯ ಇಳಿಜಾರಿನಲ್ಲಿ. ಪೂರ್ತಿ ತೆರೆದದ್ದು. ಒಂದು ಪಟ್ಟಿ ಬಟ್ಟೆಯನ್ನು ಚಾಕುವಿನಿಂದ ಕತ್ತರಿಸಿಕೊಂಡು ಹೋಗಿದ್ದಾರೆ. ಸತ್ತವರು ಬಟ್ಟೆ ಕತ್ತರಿಸುವುದಿಲ್ಲ.

ಮೇಡಂಗೆ ಫೋನ್ ಮಾಡಿ ಹೇಳಿದೆ. ಹಿಂದೆ ಮಕ್ಕಳ ಗಲಾಟೆ. ಆಮೇಲೆ "ಅಕ್ಕ, ಕ್ಲಾಸ್ ನಡೀತಿದೆ. ಮುಗಿಸಿ ಬರ್ತೀನಿ" ಅಂದಳು.

ಮಾರ್ಚ್ 15

ಸಿಕ್ಕಿದ. ತೊರೆಯ ಪಕ್ಕ, ಬಂಡೆಯ ಸಂದಿಯಲ್ಲಿ, ಮುರಿದ ಕಾಲಿಗೆ ಆ ಬಟ್ಟೆ ಸುತ್ತಿಕೊಂಡು. ಅರ್ಧ ಆಳಾಗಿದ್ದಾನಂತೆ. ಜೀವಕ್ಕೆ ಅಪಾಯವಿಲ್ಲ.

ಮೇಡಂ ಬಂದು ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ಇವರೇ ಟೀ ಮಾಡಿದರು.

ಮಾರ್ಚ್ 18, ರಾತ್ರಿ 8

ಆಸ್ಪತ್ರೆಯಿಂದ ಮೀಸೆಯ ಫೋನ್. "ಅಕ್ಕ, ಟಕ್ ಅಂತ ತೆರ್ಕೊಳ್ತು. ಹಗ್ಗ ಮಾತ್ರ ತಿರುಚ್ಕೊಂಡಿತ್ತು. ಕಾಲು ಝಾಡಿಸಿ ಝಾಡಿಸಿ ಬಿಡಿಸ್ಕೊಂಡೆ." ನಗುತ್ತಾನೆ.

ನಾನೂ ನಕ್ಕೆ.

ಸಾಹೇಬರು ಮೇಜು ವಾಪಸ್ ಕೊಟ್ಟರು. ನಾಳೆ ಎಂಟಕ್ಕೆ ಹಾಜರಿ.

ಹಗ್ಗ ತಿರುಚಿದ್ದು ಅವನು ಗಾಳಿಯಲ್ಲಿ ಗಿರಗಿರ ತಿರುಗಿದ್ದರಿಂದ. ನಾನು ಮಡಿಸಿದ್ದರಿಂದಲ್ಲ. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ನನಗೆ ಗೊತ್ತು. ಚೆನ್ನಾಗಿ ಗೊತ್ತು.

ಆದರೂ ನಾಳೆ ಮಡಿಸುವ ಮೊದಲು ಹಗ್ಗಗಳನ್ನು ಇನ್ನೊಂದು ಸಲ ನೋಡುತ್ತೇನೆ.