ಕಂಬ ತಪ್ಪಿದರೂ ಒಂದು ಅಂಕ

ಕನೋರಾ, ಸಸ್ಕಾಚೆವನ್
೧೭ ಸೆಪ್ಟೆಂಬರ್ ೧೯೯೮, ಗುರುವಾರ

ಮುದ್ದಿನ ಒಸ್ತಾಪ್,

ಕೆಮ್ಮು ಹೇಗಿದೆ? ಆ ಸರೋವರದ ಗುಡಿಸಲಿನಲ್ಲಿ ಮೂರು ಹೊತ್ತೂ ಮೀನೇ ತಿನ್ನುತ್ತೀಯಂತೆ, ಲೋರ್ನ್ ಹೇಳಿದ. ಅವನ ಪುಟ್ಟ ವಿಮಾನದಲ್ಲೇ ಈ ಕಾಗದ ಬರುತ್ತಿದೆ, ಜೊತೆಗೆ ಆಲೂಗಡ್ಡೆ ತುಂಬಿದ ಪೆರೋಹಿ ಕಡುಬು. ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಮೇಲೆ ಹಾಕಿಕೊ, ಸೋಮಾರಿಯ ಹಾಗೆ ತಣ್ಣಗೇ ನುಂಗಬೇಡ. ನನ್ನ ಮಂಡಿನೋವು ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ.

ತಂಡದವರು ನಿನ್ನನ್ನು ಕೈಬಿಟ್ಟು ಮೂರು ವಾರವಾಯಿತು. "ಇನ್ನು ಈ ಜನ್ಮದಲ್ಲಿ ಚೆಂಡು ಒದೆಯಲ್ಲ ಅಜ್ಜೀ" ಅಂತ ಬಾಗಿಲು ದಡಾರನೆ ಎಳೆದುಕೊಂಡು ಹೋದೆಯಲ್ಲ, ಆಗ ನಾನು ತುಟಿ ಬಿಚ್ಚಲಿಲ್ಲ. ಈಗ ಬಿಚ್ಚುತ್ತೇನೆ. ಆ ಕೊನೆಯ ಪಂದ್ಯದಲ್ಲಿ ಅಂಕ ಸಮವಾಗಿತ್ತು, ಕೊನೆಯ ಒದೆತ ನಿನ್ನದು. ಗುರಿ ತಪ್ಪಿತು ಅಂತ ನನಗೆ ಸಿಟ್ಟಿಲ್ಲ. ಹೆದರಿಕೊಂಡು ಮೆಲ್ಲಗೆ ಒದ್ದೆಯಲ್ಲ, ಅದಕ್ಕೆ ಸಿಟ್ಟು. ಕಂಬಗಳ ನಡುವೆ ಹೋಗದಿದ್ದರೂ ಚೆಂಡು ಅವುಗಳ ಹಿಂದಿನ ಅಂಗಳ ದಾಟಿ ಆಚೆ ಬಿದ್ದರೆ ನಮ್ಮ ಕೆನಡಾ ಫುಟ್‌ಬಾಲಿನಲ್ಲಿ ಒಂದು ಅಂಕವಿದೆ. ಗೆಲ್ಲಲು ಅದೊಂದೇ ಸಾಕಿತ್ತು. ನಿನ್ನ ಚೆಂಡು ಅಂಗಳದೊಳಗೇ ಬಿತ್ತು, ಎದುರಾಳಿ ಎತ್ತಿಕೊಂಡು ಮೈದಾನಕ್ಕೆ ಓಡಿದ, ಆ ಒಂದು ಅಂಕವೂ ಹೋಯಿತು. ಒಂಬತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಇದನ್ನು ನಾನು ಹೇಳಿಕೊಡಬೇಕೇ?

ಶಾಲೆಯ ಫೈನಲ್ ನೆನಪಿದೆಯಾ? ಅಂದೂ ಅಂಕ ಸಮ, ಅಂದೂ ಗುರಿ ತಪ್ಪಿತು. ಆದರೆ ಅದೆಂಥ ಒದೆತ! ಚೆಂಡು ಅಂಗಳ ದಾಟಿ ಹೋಗಿ ಪಾದ್ರಿಗಳ ಕಾರಿನ ಗಾಜು ಒಡೆಯಿತು. ನೀನು ಮುಖ ಮುಚ್ಚಿಕೊಂಡು ಗೊಳೋ ಅಂತ ಅಳುತ್ತಿದ್ದೆ, ಹುಡುಗರು ನಿನ್ನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. "ಅಳೋದು ಆಮೇಲೆ ಅಳು, ಮೊದ್ಲು ಬೋರ್ಡ್ ನೋಡೋ ಪೆದ್ದ, ಗೆದ್ದಿದೀಯ!" ಅಂತ ನಿನ್ನ ತಾತ ಬೇಲಿಯಾಚೆಯಿಂದ ಕಿರುಚಿದರು. ಆ ಹುಡುಗನನ್ನು ಕಂಡರೆ ನನಗೆ ಈಗಲೂ ಹೆಮ್ಮೆ ಕಣೋ.

ದೇವರು ನಿನ್ನ ಕಾಲನ್ನೂ ಕೆಮ್ಮನ್ನೂ ನೋಡಿಕೊಳ್ಳಲಿ.

ನಿನ್ನ ಅಜ್ಜಿ,
ಪರಸ್ಕಾ

ಮರೆತೆನೆಂದುಕೊಳ್ಳಬೇಡ, ಬೇಕೆಂದೇ ಕೊನೆಗಿಟ್ಟೆ. ಮೊದಲೇ ಬರೆದಿದ್ದರೆ ಮೇಲಿನದನ್ನು ನೀನು ಓದುತ್ತಿರಲಿಲ್ಲ. ಪಕ್ಕದ ಪ್ರಾಂತ್ಯದ ತಂಡದಿಂದ ಬೆಳಿಗ್ಗೆ ಫೋನ್ ಬಂತು. ಅವರ ಒದೆಯುವವನಿಗೆ ತೊಡೆ ಹಿಡಿದುಕೊಂಡಿದೆಯಂತೆ, ಸೋಮವಾರ ನಿನ್ನನ್ನು ಪರೀಕ್ಷಿಸುತ್ತಾರಂತೆ. "ಅಭ್ಯಾಸ ಇದೆಯಾ ಅವನಿಗೆ?" ಅಂದರು. "ನಿನ್ನೆ ತಾನೆ ನಮ್ಮ ಕೊಟ್ಟಿಗೆ ಗಾಜು ಒಡೆದ ಸ್ವಾಮಿ" ಅಂದುಬಿಟ್ಟೆ. ನನ್ನನ್ನು ಸುಳ್ಳಿ ಮಾಡಬೇಡ. ಲೋರ್ನ್ ಅಲ್ಲಿಂದ ಇಂದೇ ಹಿಂದಿರುಗುತ್ತಾನೆ, ವಿಮಾನದಲ್ಲಿ ಅವನ ಪಕ್ಕದ ಸೀಟು ಖಾಲಿ ಇದೆ. ಈ ಕಾಗದ ಒಯ್ಯಲು ಬಂದು ಹೊರಗೆ ಕಾರಿನ ಹಾರ್ನ್ ಬಾರಿಸುತ್ತಿದ್ದಾನೆ. ಚೀಲದಲ್ಲಿ ನಿನ್ನ ಬಲಗಾಲಿನ ಶೂ ಇಟ್ಟಿದ್ದೇನೆ. ಎಡಗಾಲಿನದು ನನ್ನ ಹತ್ತಿರವೇ ಇದೆ, ಬಂದು ತೆಗೆದುಕೊ.